ಅರ್ಥ ಹೇಳುವ ಬಾಯಾರು

ಹೋದ ತಿಂಗಳು ಮೊರಬದಿಂದ ಮಲ್ಲಪ್ಪ ಫೋನು ಮಾಡಿ, "ಸರೋಜಾ, ಬಾಯಾರು ಹೋದ್ರು," ಎಂದ. ಎಂಬತ್ತರ ಹತ್ತಿರದ ಜೀವ. ಕಲಘಟಗಿಯಲ್ಲಿ ತಮ್ಮನ ಮಗಳ ಮನೆಯಲ್ಲಿದ್ದರಂತೆ, ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲವಂತೆ. ಇಂಥ ಸುದ್ದಿ ಕೇಳಿ ನಾನು ಮೊದಲು ಮಾಡಿದ್ದೆಂದರೆ ನಕ್ಕದ್ದು. ಆ ಕಡೆಯಿಂದ ಮಲ್ಲಪ್ಪನೂ ನಕ್ಕ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡೇ ಅತ್ತೆವು. ಈ ನಗುವಿನ ಕಾರಣ ಹೇಳದೆ ಬಿಟ್ಟರೆ ನಮ್ಮನ್ನು ಕಲ್ಲುಮನಸ್ಸಿನವರು ಎಂದುಕೊಳ್ಳುತ್ತೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಅಣ್ಣಿಗೇರಿಯ ನಮ್ಮ ಹತ್ತಿ ಬೆಳೆಗಾರರ ಸಂಘದವರು ಒಂದು ಕಂಪ್ಯೂಟರ್ ತಂದರು. ಜಿನ್ನಿಂಗ್ ಗಿರಣಿಯ ಬಾಜೂಕಿನ ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ತಂಪು ಗಾಳಿಯ ಯಂತ್ರ ಕೂಡಿಸಿ, ಚಪ್ಪಲಿ ಹೊರಗೇ ಬಿಡಬೇಕೆಂದು ಬೋರ್ಡು ಬರೆಸಿ, ಅದನ್ನು ದೇವರ ಖೋಲಿಯ ಹಾಗೆ ಮಾಡಿಟ್ಟರು. ಸಾಫ್ಟ್‌ವೇರ್ ಎಂಬ ಶಬ್ದ ಇನ್ನೂ ನಮ್ಮ ನಾಲಗೆಗೆ ಬಂದಿರಲಿಲ್ಲ. ಪ್ರೋಗ್ರಾಮು ಬರೆಯುವವರು ಎಂದು ಹೇಳಿಕೊಳ್ಳುತ್ತಿದ್ದೆವು. ಗಿರಣಿಯ ಹಮಾಲರ ಬಾಯಲ್ಲಿ ನಾವು "ಟಿವಿ ಖೋಲ್ಯಾಗಿನ ಮಂದಿ".

ಆ ಮಂದಿ ಒಟ್ಟು ಮೂವರು. ನಾನು ಇದೇ ಊರಿನ ಹೈಸ್ಕೂಲು ಮಾಸ್ತರರ ಮಗಳು. ಪ್ರಹ್ಲಾದ ನವಲಗುಂದದ ವಕೀಲರ ಮಗ, ಬುದ್ಧಿಯಲ್ಲಿ ಬಲು ಚುರುಕು, ಅದು ಅವನಿಗೂ ಗೊತ್ತಿತ್ತು. ಮಲ್ಲಪ್ಪ ಮೊರಬದ ಒಕ್ಕಲುತನದ ಮನೆಯವನು, ಎರೆಹೊಲದಿಂದ ನೆಟ್ಟಗೆ ಬಿಎಸ್ಸಿಗೆ ಹೋಗಿ ಬಂದವನು. ಮೂವರದೂ ಹಂಗಾಮಿ ನೌಕರಿ. ನಮ್ಮ ಮೇಲಿನವರು ಬಾಯಾರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು ರೂಢಿ. ಗಣಿತ ಕಲಿಸುತ್ತಿದ್ದವರು ನಡುವಯಸ್ಸಿನಲ್ಲಿ ಪುಣೆಗೆ ಹೋಗಿ ಪ್ರೋಗ್ರಾಮು ಬರೆಯುವುದನ್ನು ಕಲಿತು ಬಂದರು. ಸಾಲೆ ಬಿಟ್ಟರೂ ಬಾಯಾರು ಎಂಬ ಹೆಸರು ಅವರನ್ನು ಬಿಡಲಿಲ್ಲ.

ಎತ್ತರದ ಹೆಂಗಸು. ಸದಾ ಇಳಕಲ್ಲ ಸೀರೆ, ಗಡಿಯಾರ ಮುಂಗೈಯ ಒಳಬದಿಗೆ. ಯಾರ ಮಾತನ್ನೂ ಅರ್ಧಕ್ಕೆ ಕಡಿಯುತ್ತಿರಲಿಲ್ಲ, ಆದರೆ ಮಾತು ಮುಗಿದ ಮೇಲೆ ಅವರು ಸುಮ್ಮನೆ ನೋಡುವ ನೋಟಕ್ಕೆ ನಾವು ಹೇಳಿದ್ದರಲ್ಲಿ ಅರ್ಧವನ್ನು ನಾವೇ ವಾಪಸು ತೆಗೆದುಕೊಳ್ಳುತ್ತಿದ್ದೆವು. ಹೊಗಳುವುದೆಂದರೆ ಅವರಿಗೆ ಕೈಗಂಟು ಬಿಚ್ಚಿದಷ್ಟು ಸಂಕಟ. ಬಹಳ ಚೆನ್ನಾಗಿ ಮಾಡಿದ ಕೆಲಸಕ್ಕೆ "ಅಡ್ಡಿ ಇಲ್ಲ" ಅನ್ನುತ್ತಿದ್ದರು. ಆ ಎರಡು ಶಬ್ದಕ್ಕಾಗಿ ನಾನು ವಾರಗಟ್ಟಲೆ ಕಾದದ್ದುಂಟು.

ನಮ್ಮ ಮೊದಲ ದಿನವೇ ಅವರು ತಮ್ಮ ಪದ್ಧತಿ ಹೇಳಿದರು. "ನಮ್ಮ ದೇವಿಕೊಪ್ಪದಾಗ ಶ್ರಾವಣಕ್ಕ ಮಠದಾಗ ಪುರಾಣ ಹಚ್ಚತಿದ್ರು. ಒಬ್ಬಾಂವ ಓದಾಂವ, ಇನ್ನೊಬ್ಬಾಂವ ಅರ್ಥ ಹೇಳಾಂವ. ಬರದಾಂವ ಸತ್ತು ಎಷ್ಟೋ ಕಾಲ ಆಗಿರತೈತಿ. ನೀ ಇದನ್ನ ಯಾಕ ಹಿಂಗ ಬರದೀಪಾ ಅಂತ ಅವನ್ನ ಕೇಳಾಕ ಬರೂದಿಲ್ಲ. ಕಾಗದದಾಗ ಏನೈತಿ, ಅಷ್ಟರಮ್ಯಾಲೇ ಅರ್ಥ ಹೇಳಬೇಕು. ನಮ್ಮ ಪ್ರೋಗ್ರಾಮನ್ನೂ ಹಂಗ ಓದೂಣು."

ಹಾಗೆಯೇ ಶುರುವಾಯಿತು. ಇದ್ದದ್ದು ಒಂದೇ ಯಂತ್ರ, ಕರೆಂಟು ಬೇಕಾದಾಗ ಬಂದು ಬೇಕಾದಾಗ ಹೋಗುತ್ತಿತ್ತು. ಆದ್ದರಿಂದ ಪ್ರೋಗ್ರಾಮನ್ನು ಮೊದಲು ಕೈಯಲ್ಲಿ ಬರೆಯುತ್ತಿದ್ದೆವು. ಬೆಳಿಗ್ಗೆ ಎಲ್ಲರೂ ಚಾಪೆಯ ಮೇಲೆ ಕೂರುವುದು, ಒಬ್ಬರು ಸಾಲು ಸಾಲಾಗಿ ಓದುವುದು, ಇನ್ನೊಬ್ಬರು ಅದರ ಅರ್ಥವನ್ನು ಮನೆಮಾತಿನಲ್ಲಿ ಹೇಳುವುದು. ಬರೆದವರು ಬಾಯಿ ಬಿಡುವಂತಿಲ್ಲ, ಅವರು ಸತ್ತಿದ್ದಾರೆ. ಅರ್ಥ ಹೇಳುವವರಿಗೆ ತಿಳಿಯದಿದ್ದರೆ "ತಿಳೀಲಿಲ್ಲ" ಅಂದರೆ ಸಾಕು, ಪ್ರೋಗ್ರಾಮು ವಾಪಸು. ತಿಳಿದರೆ "ತಿಳೀತು" ಎಂದು ಹೇಳಿ, ಕಾಗದದ ಮೇಲಿರುವ ಬರೆದವರ ಹೆಸರು ಹೊಡೆದು ಹಾಕುವುದು. ಅಲ್ಲಿಂದ ಮುಂದೆ ಅದು ಯಾರ ಸ್ವಂತದ್ದೂ ಅಲ್ಲ. ತಪ್ಪು ಬಂದರೆ ಅದು ತಿಳೀತು ಅಂದವರ ತಪ್ಪು.

ದಿನಾ ಬೆಳಿಗ್ಗೆ ಬಾಯಾರು ಒಳಗೆ ಬರುತ್ತಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಇವತ್ತ ಸತ್ತಾವರು ಯಾರು?"

"ನಾನ್ರೀ ಬಾಯಾರ," ಎಂದು ನಮ್ಮಲ್ಲೊಬ್ಬರು ಕೈ ಎತ್ತುತ್ತಿದ್ದೆವು. ಚಹಾ ತಂದ ಹೋಟೆಲಿನವನು ಇದನ್ನು ಮೊದಲ ಸಲ ಕೇಳಿದಾಗ ಕಿಟ್ಲಿ ಅಲ್ಲೇ ಇಟ್ಟು ಹೊರಗೆ ಹೋಗಿಬಿಟ್ಟ. ಮಲ್ಲಪ್ಪ ಫೋನು ಮಾಡಿದಾಗ ನಮ್ಮಿಬ್ಬರ ಕಿವಿಗೂ ಬಂದದ್ದು ಆ ಪ್ರಶ್ನೆಯೇ.

ಪ್ರಹ್ಲಾದನಿಗೆ ಈ ಪದ್ಧತಿ ಮೊದಮೊದಲು ಮೈಗೆ ಹಿಡಿಯಲಿಲ್ಲ. ನಾವು ಪುಟಗಟ್ಟಲೆ ಬರೆಯುವುದನ್ನು ಅವನು ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದ. ಒಂದು ಸಲ ಅಂಥ ನಾಲ್ಕು ಸಾಲಿಗೆ ನಾನು ಅರ್ಥ ಹೇಳಬೇಕಾಯಿತು. ಹೇಳಲು ಆಗಲಿಲ್ಲ. ಸತ್ತ ಪ್ರಹ್ಲಾದ ತಡೆಯಲಾರದೆ, "ಇಷ್ಟೂ ತಿಳಿಯೂದಿಲ್ಲ ಅಂದ್ರ ಏನ್ ಹೇಳೂದ್ರಿ?" ಎಂದ.

ಬಾಯಾರು ಅವನ ಕಡೆ ತಿರುಗಿದರು. "ನಿನಗ ತಿಳೀತೈತಿ, ಖರೆ. ಸುಗ್ಗ್ಯಾಗ ನಿನಗ ಜ್ವರ ಬಂದು ಮಲ್ಕೊಂಡ್ರ ಇಕಿ ಏನ್ ಮಾಡಬೇಕು? ನಿನ್ನ ಹಾಸಿಗಿ ಇಲ್ಲಿಗೆ ಹೊತ್ಕೊಂಡು ಬರಬೇಕೇನು? ಇಕಿಗೆ ತಿಳಿಯೂ ಹಂಗ ಬರಿ."

ಅವನು ಮುಖ ಗಂಟು ಹಾಕಿಕೊಂಡು ಮತ್ತೆ ಬರೆದ. ನನಗೆ ಒಳಗೊಳಗೇ ಸಂತೋಷವಾಯಿತು, ಮರುವಾರ ನನ್ನ ಪ್ರೋಗ್ರಾಮು ಮೂರನೆಯ ಸಲ ವಾಪಸು ಬರುವ ತನಕ. ಹತ್ತಿ ಗಿಡದ ಕುಡಿ ಚಿವುಟಿದ ಹಾಗೆ ಈಯಮ್ಮ ನಮ್ಮನ್ನೆಲ್ಲ ಒಂದೇ ಎತ್ತರಕ್ಕೆ ನಿಲ್ಲಿಸುತ್ತಾಳೆ ಎಂದು ಪ್ರಹ್ಲಾದ ಬೈಯುತ್ತಿದ್ದ. ಅದರಲ್ಲಿ ಸುಳ್ಳಿಲ್ಲ. ಚಿವುಟಿದ ಮೇಲೆ ಗಿಡ ಅಗಲಕ್ಕೆ ಬೆಳೆಯುತ್ತದೆ ಎನ್ನುವುದನ್ನು ಅವನು ಹೇಳುತ್ತಿರಲಿಲ್ಲ, ಅಷ್ಟೆ.

ಸಂಘದ ಚೇರ್ಮನ್ನರು ಒಳ್ಳೆಯವರು, ಆದರೆ ಗಡಿಬಿಡಿಯ ಮನುಷ್ಯ. ಕೆಲಸ ತಡವಾಗುತ್ತಿದೆ, ಇನ್ನೂ ನಾಲ್ಕು ಹುಡುಗರನ್ನು ಹಾಕಿಕೊಡುತ್ತೇನೆ ಎಂದು ಒಮ್ಮೆ ಹಟ ಹಿಡಿದರು. ಅದರಲ್ಲಿ ಅವರ ಅಳಿಯನೂ ಒಬ್ಬ. ಬಾಯಾರು, "ಬ್ಯಾಡ್ರಿ. ಅವ್ರಿಗೆ ಕಲಸಾಕ ಈ ಮೂವರೂ ಕುಂತ್ರ, ಕೆಲಸ ಮಾಡಾವ್ರು ಯಾರು?" ಎಂದರು. ಚೇರ್ಮನ್ನರು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರು.

ಮರುವರ್ಷದ ಹತ್ತಿ ಸುಗ್ಗಿಗೆ ಮೊದಲು ಅವರೇ ಒಂದು ಕೆಲಸ ತಂದರು. ಸುತ್ತಲಿನ ಹಳ್ಳಿಗಳಿಂದ ಹತ್ತಿ ಹೇರಿದ ಎತ್ತಿನ ಚಕ್ಕಡಿಗಳು ಮನಸ್ಸಿಗೆ ಬಂದ ದಿನ ಬಂದು, ತೂಕಕ್ಕಾಗಿ ಯಾರ್ಡಿನಲ್ಲಿ ದಿನಗಟ್ಟಲೆ ನಿಲ್ಲುತ್ತಿದ್ದವು. ಯಾವ ಹಳ್ಳಿ ಯಾವ ದಿನ ಬರಬೇಕೆಂದು ಕಂಪ್ಯೂಟರೇ ಪಾಳಿ ಹಚ್ಚಿಕೊಡಲಿ ಎಂದರು. ಬರೆದವನು ಮಲ್ಲಪ್ಪ. ಪ್ರಹ್ಲಾದ ಓದಿದ, ಬಾಯಾರು ತಾವೇ ಅರ್ಥ ಹೇಳಿದರು. ವಾರದ ದಿನಗಳಿಗೆ ರವಿವಾರದಿಂದ ಹಿಡಿದು ಒಂದರಿಂದ ಏಳರ ತನಕ ಅಂಕಿ. ಸಂಘಕ್ಕೆ ರವಿವಾರ ಸೂಟಿ, ಆ ದಿನ ಬಂದರೆ ಪಾಳಿಯನ್ನು ಒಂದು ದಿನ ಮುಂದೆ ಹಾಕಬೇಕು. ಎಲ್ಲ ಸರಿಯಾಗಿತ್ತು. ಬಾಯಾರು "ತಿಳೀತು" ಎಂದು ಮಲ್ಲಪ್ಪನ ಹೆಸರು ಹೊಡೆದು ಹಾಕಿದರು. ಪಾಳಿಯ ಹಾಳೆ ಅಚ್ಚಾಗಿ ಊರೂರಿನ ಚಾವಡಿಯ ಗೋಡೆಗೆ ಅಂಟಿತು.

ಮೊದಲ ಸೋಮವಾರ ನಲವಡಿಯವರ ಪಾಳಿ. ಯಾರ್ಡಿನಲ್ಲಿ ಒಂದು ಚಕ್ಕಡಿಯೂ ಇಲ್ಲ. ಹಮಾಲರು ತಕ್ಕಡಿಯ ನೆರಳಲ್ಲಿ ಮಲಗಿ ನಿದ್ದೆ ಹೊಡೆದರು. ನಾವು ಗಾಜಿನೊಳಗಿಂದ ನೋಡುತ್ತಾ, ಹಳ್ಳಿಯವರಿಗೆ ಪಾಳಿ ತಿಳಿದಿಲ್ಲ ಎಂದು ಮಾತಾಡಿಕೊಂಡೆವು.

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನೇಗಿಲಷ್ಟೇ ಅಲ್ಲ, ಚಕ್ಕಡಿಯನ್ನೂ ಹೂಡದ ಮನೆಗಳೇ ಬಹಳ. ಇದು ಯಾರೂ ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಮಲ್ಲಪ್ಪನ ಮನೆಯ ದನದ ಕೊಟ್ಟಿಗೆಯಲ್ಲಿ ಅವತ್ತೂ ಎತ್ತುಗಳು ಮೈ ತೊಳೆಸಿಕೊಂಡು ನಿಂತಿದ್ದವು. ನನ್ನ ಸೋದರಮಾವನೂ ಸೋಮವಾರ ಗಳೆ ಹೂಡುತ್ತಿರಲಿಲ್ಲ. ಬಾಯಾರು ಬೆಳೆದದ್ದೂ ಅಂಥ ಮನೆಯಲ್ಲೇ. ಆದರೆ ಕಾಗದದ ಮೇಲೆ ಅದು ಸೋಮವಾರವಾಗಿರಲಿಲ್ಲ, ಎರಡು ಎಂಬ ಅಂಕಿಯಾಗಿತ್ತು. ಚಪ್ಪಲಿಯ ಜೊತೆಗೆ ಬಸವಣ್ಣನನ್ನೂ ನಾವು ಬಾಗಿಲ ಹೊರಗೇ ಬಿಟ್ಟು ಬಂದಿದ್ದೆವು.

ಮಂಗಳವಾರ ನಲವಡಿಯ ಚಕ್ಕಡಿಗಳೂ ಆ ದಿನದ ಪಾಳಿಯವರಾದ ಭದ್ರಾಪುರದ ಚಕ್ಕಡಿಗಳೂ ಒಟ್ಟಿಗೇ ಬಂದವು. ಸಾಲು ರೈಲ್ವೆ ಗೇಟಿನ ತನಕ ಹೋಯಿತು. ಬಿಸಿಲಿಗೆ ಎತ್ತು ಮನುಷ್ಯ ಎರಡೂ ಕುದಿಯುತ್ತಿದ್ದವು. ನಾನು ಮೊದಲು, ತಾನು ಮೊದಲು ಎಂಬ ನೂಕಾಟದಲ್ಲಿ ಒಂದು ಚಕ್ಕಡಿ ಮಗುಚಿ, ಅದರಲ್ಲಿದ್ದ ಮುದುಕರ ಕೈ ಮುರಿಯಿತು. ಅವರು ಚೇರ್ಮನ್ನರ ಕಾಕಾ.

ಮಧ್ಯಾಹ್ನ ಚೇರ್ಮನ್ನರು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದರು. "ಯಾರ್ರೀ ಬಾಯಾರ ಇದನ್ನ ಬರದಾಂವ?"

"ಬರದಾಂವ ಸತ್ತಾನ್ರಿ," ಎಂದರು ಬಾಯಾರು. ರೂಢಿಯಿಂದ ಬಂದ ಮಾತು.

ಚೇರ್ಮನ್ನರ ಮುಖ ಬಿಳಿಚಿತು. "ಯಾವಾಗ್ರೀ?"

ಪ್ರಹ್ಲಾದ ಬೀಳದ ಪೆನ್ನನ್ನು ಹುಡುಕಲು ಮೇಜಿನ ಕೆಳಗೆ ಹೋದ. ಮಲ್ಲಪ್ಪ ಮಾತ್ರ ನಿಜವಾಗಿಯೂ ಸತ್ತವನ ಹಾಗೆ ಕುಳಿತಿದ್ದ. ಅವನ ಮದುವೆ ಕುಂದಗೋಳದ ಹುಡುಗಿಯ ಜೊತೆ ಗೊತ್ತಾಗಿತ್ತು. ಯುಗಾದಿಯಾದ ಮೇಲೆ ಅಕ್ಕಿಕಾಳು ಬೀಳುವುದಿತ್ತು. ಕಂಪ್ಯೂಟರಿನ ನೌಕರಿ ಎಂದೇ ಹೆಣ್ಣಿನವರು ಒಪ್ಪಿದ್ದು. ಅದು ನಮಗೆಲ್ಲ ಗೊತ್ತಿತ್ತು.

ಬಾಯಾರು ಪದ್ಧತಿ ವಿವರಿಸಿದರು. ಚೇರ್ಮನ್ನರಿಗೆ ಸಿಟ್ಟು ಇನ್ನಷ್ಟು ಏರಿತು. "ಪುರಾಣ ಬ್ಯಾಡ್ರಿ ನನಗ. ಹೆಸರ ಹೇಳ್ರಿ. ಸಂಜೀಕ ಮೀಟಿಂಗ್ ಐತಿ, ಅವನ್ನ ಮನಿಗೆ ಕಳಸ್ತೇವಿ. ಹೊರಗ ಮಂದಿ ಕಾಯಾಕತ್ತೈತಿ, ಅವರಿಗೆ ನಾ ಏನರ ಹೇಳಬೇಕಲ್ಲ."

"ಅರ್ಥ ಹೇಳಿದಾಕಿ ನಾನು. ತಿಳೀತು ಅಂದಾಕಿ ನಾನು. ನನ್ನ ಹೆಸರ ಹೇಳ್ರಿ."

"ನೀವು ಬರದೀರೇನು?"

"ಬರದಾವ್ರ ಲೆಕ್ಕ ನಮ್ಮಲ್ಲಿ ಇಲ್ರಿ."

ಸಂಜೆಯ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಬಾಯಾರನ್ನು ಮೇಲಿನ ಹುದ್ದೆಯಿಂದ ಇಳಿಸುವುದು. ಸುಗ್ಗಿಯ ನಡುವೆ ಕೈಗಳು ಬೇಕಾದ್ದರಿಂದ ಅವರು ಅದೇ ಕೋಣೆಯಲ್ಲಿ ನಮ್ಮ ಹಾಗೆ ಪ್ರೋಗ್ರಾಮು ಬರೆಯುತ್ತ ಇರಬಹುದು. ಅವರ ಜಾಗಕ್ಕೆ ಒಕ್ಕಲುತನ ಬಲ್ಲವನೊಬ್ಬ ಬೇಕು, ಪುಸ್ತಕದ ಬುದ್ಧಿ ಸಾಕಾಯಿತು ಎಂದು ಯಾರೋ ಹೇಳಿದರಂತೆ. ಚೇರ್ಮನ್ನರು ನಮ್ಮ ಮೂವರಲ್ಲಿ ಒಕ್ಕಲುತನದ ಮನೆಯವನು ಯಾರೆಂದು ನೋಡಿದರು. ಮರುದಿನದಿಂದ ನಮ್ಮ ಮೇಲಿನವನು ಮಲ್ಲಪ್ಪ.

ಅವನು ಗಿರಣಿಯ ಹಿಂದಿನ ಬೇವಿನ ಗಿಡದ ಕೆಳಗೆ ಬಾಯಾರನ್ನು ಹಿಡಿದು ನಿಲ್ಲಿಸಿದ. ನಾನೂ ಅಲ್ಲಿದ್ದೆ. "ಬಾಯಾರ, ನಾ ಹೋಗಿ ಖರೆ ಹೇಳ್ತೇನ್ರಿ. ಮದಿವಿ ಮುರದ್ರ ಮುರೀಲಿ. ನಿಮ್ಮ ಅನ್ನದಾಗ ಮಣ್ಣ ಹಾಕಿ ನಾ ಹ್ಯಾಂಗ ಉಣ್ಣಲಿ?"

"ನಿನ್ನ ಮದಿವಿ ಸಲುವಾಗಿ ಮಾಡೀನಿ ಅಂತ ತಿಳ್ಕೋಬ್ಯಾಡ," ಎಂದರು ಬಾಯಾರು. ದನಿಯಲ್ಲಿ ಒಂದಿಷ್ಟೂ ಕರುಣೆಯಿರಲಿಲ್ಲ. "ಇವತ್ತ ಬರದಾವನ ಹೆಸರ ಹೇಳಿದ್ರ, ನಾಳೆ ಸರೋಜಾ ತನ್ನ ತಪ್ಪನ್ನ ಉಡಿಯಾಗ ಮುಚ್ಚಿಟ್ಕೋತಾಳ. ನಾಡದ ಪ್ರಹ್ಲಾದ ಮುಚ್ಚತಾನ. ಎಲ್ಲಾರೂ ಚಂದಂಗ ಮುಚ್ಚಿಟ್ಟು, ಓದೂದು ಏನು ಮುಂದ? ನೀ ಬಾಯಿ ಮುಚ್ಕೊಂಡು ಕೆಲಸ ಮಾಡು."

ಆಗ ನಾನು ಅವರನ್ನು ದೇವರೆಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಅದರಲ್ಲಿ ಹಟವಿತ್ತು, ತನ್ನ ಪದ್ಧತಿಯ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತು. ಇಷ್ಟು ದೊಡ್ಡ ಉಪಕಾರದ ಭಾರವನ್ನು ಹೊರಲು ಆಗುತ್ತದೆಯೇ ಎಂದು ಅವರು ಮಲ್ಲಪ್ಪನನ್ನು ಒಂದು ಮಾತು ಕೇಳಲಿಲ್ಲ. ಅವನು ಮೂರೇ ದಿನದಲ್ಲಿ ಸೊರಗಿಹೋದ. ಬಾಯಾರ ಕುರ್ಚಿಯ ಮೇಲೆ ಕೂರಲಿಲ್ಲ, ತನ್ನ ಹಳೆಯ ಸ್ಟೂಲಿನ ಮೇಲೂ ಕೂರಲಿಲ್ಲ, ಗೋಡೆಗೆ ಆತು ನಿಂತೇ ಕೆಲಸ ಮಾಡುತ್ತಿದ್ದ. ನಮಗೆ ಇದನ್ನು ಮಾಡಿ ಎಂದು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಏನು ಕೇಳಿದರೂ ಬಾಯಾರ ಮುಖ ನೋಡುತ್ತಿದ್ದ, ಅವರು ಕಾಗದದಿಂದ ಕಣ್ಣು ಎತ್ತುತ್ತಿರಲಿಲ್ಲ. ಮುಂದೆ ನಾನೂ ಹುಬ್ಬಳ್ಳಿಯಲ್ಲಿ ಹತ್ತಾರು ಹುಡುಗ ಹುಡುಗಿಯರ ಮೇಲೆ ಕುಳಿತು ಪ್ರೋಗ್ರಾಮು ಬರೆಸಿದೆ. ಮೇಲಿನವರು ಸಿಟ್ಟಿನಿಂದ ಹೆಸರು ಕೇಳಿದಾಗ ಒಬ್ಬರ ಹೆಸರನ್ನು ನುಂಗಿಕೊಳ್ಳುವುದು ಕಷ್ಟ. ಆ ಒಬ್ಬರು ಮರುದಿನ ತಲೆ ಎತ್ತಿ ಕೆಲಸಕ್ಕೆ ಬರುವ ಹಾಗೆ ನುಂಗಿಕೊಳ್ಳುವುದು ಅದಕ್ಕಿಂತ ಕಷ್ಟ. ಎರಡನೆಯದು ಬಾಯಾರಿಗೂ ಮೊದಲ ದಿನವೇ ಕೈವಶವಾಗಲಿಲ್ಲ.

ಪಾಳಿಯ ಪ್ರೋಗ್ರಾಮನ್ನು ಆ ವಾರದೊಳಗೇ ತಿದ್ದಬೇಕಾಗಿತ್ತು. ಅದನ್ನು ಬಾಯಾರೇ ಬರೆದರು. ತಿದ್ದಿದ ಪಾಳಿ ಮರುದಿನವೇ ಊರುಗಳಿಗೆ ಹೋಗಬೇಕು. ಇನ್ನೊಂದು ಪಾಳಿ ಸೋಮವಾರಕ್ಕೆ ಬಿದ್ದರೆ ಕಂಪ್ಯೂಟರ್ ಖೋಲಿಗೆ ಕೀಲಿ ಹಾಕುತ್ತೇನೆ ಎಂದು ಚೇರ್ಮನ್ನರು ಹೇಳಿ ಹೋಗಿದ್ದರು.

ಬೆಳಿಗ್ಗೆ ಚಾಪೆ ಹಾಸಿದೆವು. ಓದುವವಳು ನಾನು, ಅರ್ಥ ಹೇಳುವವನು ಮಲ್ಲಪ್ಪ. ಅವತ್ತು ಸತ್ತವರು ಬಾಯಾರು. ಅವರು ನನ್ನ ಪಕ್ಕದಲ್ಲೇ ಕುಳಿತು ಕಣ್ಣು ಮುಚ್ಚಿಕೊಂಡರು.

ನಾನು ಓದುತ್ತ ಹೋದೆ, ಅವನು ನೆಲ ನೋಡುತ್ತ ಅರ್ಥ ಹೇಳುತ್ತ ಹೋದ. "ಸೋಮವಾರ ಬಂದ್ರ ಒಂದ ದಿನ ಮುಂದ ಹಾಕು." ಮುಂದಿನ ಸಾಲು ಓದಿದೆ. "ರವಿವಾರ ಬಂದ್ರ ಒಂದ ದಿನ ಮುಂದ ಹಾಕು."

ಅಷ್ಟು ಹೇಳಿ ನಿಲ್ಲಿಸಿದ. "ಸರೋಜಾ, ಇನ್ನೊಮ್ಮೆ ಓದು."

ಓದಿದೆ. ಅವನು ಬೆರಳು ಮಡಚಿ ವಾರಗಳನ್ನು ಎಣಿಸಿದ. ನನಗೂ ಆಗ ಹೊಳೆಯಿತು. ಸೋಮವಾರವನ್ನು ಮೊದಲು ಸರಿಸಿ, ರವಿವಾರವನ್ನು ಆಮೇಲೆ ಸರಿಸಿದರೆ, ರವಿವಾರದ ಪಾಳಿ ಹೋಗಿ ಸೋಮವಾರಕ್ಕೇ ಬೀಳುತ್ತದೆ. ಅದೇ ತಪ್ಪು ಮತ್ತೆ ಬಂದು ಕುಳಿತಿದೆ. ಎರಡು ಸಾಲು ಅದಲುಬದಲಾಗಬೇಕಿತ್ತು.

ಮಲ್ಲಪ್ಪನನ್ನು ಪರೀಕ್ಷಿಸಲು ಬಾಯಾರು ಬೇಕೆಂದೇ ಹಾಗೆ ಬರೆದಿದ್ದರು ಎಂದು ಪ್ರಹ್ಲಾದ ಇವತ್ತಿಗೂ ವಾದ ಮಾಡುತ್ತಾನೆ. ಅಲ್ಲ. ನಾನು ಪಕ್ಕದಲ್ಲೇ ಇದ್ದೆ. ಎರಡನೆಯ ಸಲ ಓದಿದಾಗ ಅವರು ಕಣ್ಣು ತೆರೆದರು, ಕಿವಿ ಕೆಂಪಗಾದವು, ಕೈ ಸೀರೆಯ ಸೆರಗನ್ನು ಹಿಡಿಯಿತು. ಹುದ್ದೆ ಹೋದ ದಿನದಿಂದ ಒಂದು ನಿಟ್ಟುಸಿರನ್ನೂ ಬಿಡದಿದ್ದ ಹೆಂಗಸು. ಮನಸ್ಸು ನೆಟ್ಟಗಿದ್ದಿದ್ದರೆ ಅವರ ಕೈಯಿಂದ ಇಂಥ ತಪ್ಪು ಎಂದಿಗೂ ಬರುತ್ತಿರಲಿಲ್ಲ. ಅವರಿಗೆ ಎಷ್ಟು ನೋವಾಗಿತ್ತೆಂದು ನನಗೆ ಆಗಲೇ ತಿಳಿದದ್ದು, ಮತ್ತು ಆ ಕ್ಷಣ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಆದರೆ ಸತ್ತವರು ಮಾತಾಡುವಂತಿಲ್ಲ. ಹೇಳಬೇಕಾದವನು ಮಲ್ಲಪ್ಪನೊಬ್ಬನೇ. ತನಗಾಗಿ ಹುದ್ದೆ ಬಿಟ್ಟುಕೊಟ್ಟವರ ಮುಖಕ್ಕೆ, ತನ್ನ ತಪ್ಪನ್ನೇ ನೀವೂ ಮಾಡಿದ್ದೀರಿ ಎಂದು ಅವನು ಹೇಳಬೇಕಿತ್ತು. "ತಿಳೀತು" ಎಂದು ಎದ್ದು ಹೋಗಿ, ಆಮೇಲೆ ಯಾರಿಗೂ ಕಾಣದ ಹಾಗೆ ತಿದ್ದಿಬಿಡುವುದು ಎಷ್ಟು ಸುಲಭವಾಗಿತ್ತು. ಅವನ ಬಾಯಲ್ಲಿ ಆ ಮಾತು ಬಂದೇ ಬಿಡುತ್ತದೆ ಎಂದು ನಾನು ಕಾದೆ.

ಅವನು ಮೊದಲ ಸಲ ನೆಲದಿಂದ ತಲೆ ಎತ್ತಿದ. "ತಿಳೀಲಿಲ್ರಿ ಬಾಯಾರ," ಎಂದ. "ಇದು ತಪ್ಪೈತ್ರಿ. ರವಿವಾರದ್ದು ಹೋಗಿ ಸೋಮವಾರಕ್ಕ ಬೀಳತೈತಿ. ತಿದ್ದಿಕೊಂಡು ಬರ್ರಿ."

ಬಾಯಾರು ಕೈ ಚಾಚಿ ಕಾಗದ ತೆಗೆದುಕೊಂಡರು. ಕಿಟಕಿಯ ಹತ್ತಿರ ನಮ್ಮ ಸಾಲಿನಲ್ಲಿದ್ದ ತಮ್ಮ ಸ್ಟೂಲಿಗೆ ಹೋಗಿ, ಎರಡು ಸಾಲನ್ನೂ ಹೊಡೆದು ಹಾಕಿ, ಪೂರ್ತಿ ಹಾಳೆಯನ್ನು ಮೊದಲಿನಿಂದ ಬರೆದರು. ಆಮೇಲೆ ಎದ್ದು, ಮತ್ತೆ ಗೋಡೆಗೆ ಆತು ನಿಂತಿದ್ದ ಮಲ್ಲಪ್ಪನ ಎದುರಿಗೆ ಬಂದು ನಿಂತರು. ಕಾಗದ ಕೊಡಲಿಲ್ಲ. ತಮ್ಮ ಹಳೆಯ ಖಾಲಿ ಕುರ್ಚಿಯ ಕಡೆ ತೋರಿಸಿ, "ಅಲ್ಲಿ ಕುಂದ್ರು," ಎಂದರು. "ನಾ ತಪ್ಪ ಮಾಡಿದ್ರ ಹೇಳಾವ್ರು ಒಬ್ರು ಬೇಕಲ್ಲ ನನಗೂ."

ಮಲ್ಲಪ್ಪ ಹೋಗಿ ಕುಳಿತ. ಬಾಯಾರು ಕಾಗದವನ್ನು ಅವನ ಮುಂದಿಟ್ಟು, ಅವನು ಓದಿ ಮುಗಿಸುವ ತನಕ ಮೇಜಿನ ಈ ಕಡೆ ಕಾಯುತ್ತ ನಿಂತರು.